ಇಲ್ಲದ ಜ್ವರ ಬರೆದವರು

ಅವರ ಬಲಗೈಯ ಮೂರು ಬೆರಳು ಸದಾ ನೇರಳೆ. ಹುಣ್ಣಿಗೆ ಹಚ್ಚುವ ಔಷಧಿಯ ಬಣ್ಣ ಅದು. ಸೋಪು, ಸೀಗೆ, ನಿಂಬೆಹುಳಿ ಯಾವುದಕ್ಕೂ ಬಗ್ಗುತ್ತಿರಲಿಲ್ಲ. ಆ ಬೆರಳುಗಳ ಹಿಂಭಾಗವನ್ನು ರೋಗಿಯ ಕತ್ತಿಗೆ ಒತ್ತಿ, ಕಣ್ಣನ್ನು ಡಿಸ್ಪೆನ್ಸರಿಯ ತಗಡಿನ ಮಾಡಿಗೆ ನೆಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಆಮೇಲೆ ‘ಇದೆ’ ಅನ್ನುತ್ತಿದ್ದರು, ಇಲ್ಲವಾದರೆ ‘ಇಲ್ಲ, ಆದ್ರೂ ಬರ್ಕೋತೀನಿ’ ಅನ್ನುತ್ತಿದ್ದರು. ಥರ್ಮಾಮೀಟರ್ ಒಂದು ಗಾಜಿನ ಬೀರುವಿನಲ್ಲಿ ಹತ್ತಿಯ ಮೇಲೆ ಮಲಗಿರುತ್ತಿತ್ತು. ತೋಟದ ಬಿಳಿ ದೊರೆ ಬಂದಾಗ ಮಾತ್ರ ಅದಕ್ಕೆ ಎಚ್ಚರ.

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದು, ಮಂತ್ರಿಗಳು ಮಡಿಕೇರಿಯಲ್ಲೇ ಸಿಗುತ್ತಿದ್ದ ಕಾಲ. ಮಾದಾಪುರದಾಚೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಎರಡನೇ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತ. ಅವರು ಅಲ್ಲಿನ ಕಾಂಪೌಂಡರ್. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆನಿಂತ ಬೇಸಾಯಗಾರರ ಮನೆಯವರು. ಡಾಕ್ಟರು ತಿಂಗಳಿಗೊಮ್ಮೆ ಸುಂಟಿಕೊಪ್ಪದಿಂದ ಬಂದು ರುಜು ಹಾಕಿ ಹೋಗುತ್ತಿದ್ದರು. ಉಳಿದಂತೆ ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಅಷ್ಟೂ ಜನರ ಜ್ವರ, ಭೇದಿ, ಹೆರಿಗೆ, ಜಿಗಣೆ ಕಚ್ಚಿ ಕೀವಾದ ಕಾಲು ಎಲ್ಲ ಇವರ ಪಾಲಿಗೆ.

ಎಸ್ಟೇಟಿನ ಕಾನೂನು ಸರಳವಾಗಿತ್ತು. ಕಾರಣವಿಲ್ಲದೆ ಕೆಲಸ ತಪ್ಪಿಸಿದರೆ ಲೈನಿನ ಮನೆ ಖಾಲಿ ಮಾಡಬೇಕಾಗುತ್ತಿತ್ತು. ಕಾರಣವೆಂದರೆ ಒಂದೇ, ಕಾಂಪೌಂಡರರ ರಿಜಿಸ್ಟರಿನಲ್ಲಿ ‘ಜ್ವರ’ ಎಂದು ಬರೆದಿರಬೇಕು. ಮಗುವಿಗೆ ದಡಾರವೆದ್ದರೆ ತಾಯಿಗೆ ರಜೆಯಿಲ್ಲ, ತಾಯಿಗೇ ಜ್ವರ ಬರಬೇಕು. ಹಾಗಾಗಿ ತಾಯಿಗೆ ಜ್ವರ ಬರುತ್ತಿತ್ತು. ಅಣ್ಣ ತೀರಿಕೊಂಡನೆಂದು ಊರಿಗೆ ಹೋದವನಿಗೂ, ಬಾಣಂತಿ ಮಗಳನ್ನು ನೋಡಲು ಹುದಿಕೇರಿಗೆ ಹೊರಟವಳಿಗೂ ಜ್ವರ.

‘ಮೈಗೆ ಬರದೇ ಇದ್ರೆ ಮನೇಗೆ ಬಂದಿರುತ್ತೆ ಕಣಯ್ಯ ಜ್ವರ’ ಎನ್ನುತ್ತಿದ್ದರು. ‘ಎಲ್ಲೋ ಒಂದ್ಕಡೆ ಇದೆಯಲ್ಲ, ಬರ್ಕೊಂಡ್ರೆ ಏನ್ ತಪ್ಪು?’

ನನಗೂ ಆ ವರ್ಷ ಏಳು ಸಲ ಮಲೇರಿಯಾ ಬಂದಿತ್ತು. ಎಲ್ಲವೂ ಮಡಿಕೇರಿಯಲ್ಲಿ ಹಾಕಿ ಪಂದ್ಯವಿದ್ದ ದಿನಗಳು. ಒಮ್ಮೆ ಕಾಲು ಊದಿಸಿಕೊಂಡು ಕುಂಟುತ್ತ ಬಂದೆ. ಅವರು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಕಟ್ಟುತ್ತ, ‘ಮಲೇರಿಯಾಕ್ಕೆ ಕಾಲು ಊದಿದ್ದು ನನ್ನ ಸರ್ವೀಸ್ನಲ್ಲಿ ಇದೇ ಮೊದ್ಲು. ಡಾಕ್ಟ್ರು ಕೇಳಿದ್ರೆ ಏನ್ ಹೇಳ್ಲಿ, ಸೊಳ್ಳೆ ಕೈಲೂ ಕೋಲಿತ್ತು ಅಂತ ಹೇಳ್ಲಾ?’ ಎಂದು ಕೇಳಿದರು. ನಾನು ನಕ್ಕೆ. ಆ ವಯಸ್ಸಿಗೆ ಜಗತ್ತಿನ ಒಳ್ಳೆಯತನವೆಲ್ಲ ನನಗೆ ಬರಬೇಕಾದ್ದೇ ಅನ್ನಿಸಿತ್ತು.

ಬಿಳಿ ದೊರೆ ತೋಟ ಮಾರಿ ಹಡಗು ಹತ್ತಿದ. ಬೊಂಬಾಯಿಯ ಕಂಪನಿಯೊಂದು ಕೊಂಡಿತು. ಹೊಸ ಮ್ಯಾನೇಜರ್ ನಮ್ಮವನೇ, ಬಿಳಿಯನಲ್ಲ, ಆದರೆ ಇಂಗ್ಲಿಷ್ ಮತ್ತು ಹಿಂದೂಸ್ತಾನಿ ಬಿಟ್ಟರೆ ನಮ್ಮ ಯಾವ ಮಾತೂ ಅವನಿಗೆ ಬಾರದು. ಬಂದ ವಾರದಲ್ಲೇ ಆಳು ಜಾಸ್ತಿ, ಆಫೀಸಿನಲ್ಲೂ ಜನ ಜಾಸ್ತಿ ಎಂದ. ಮೂರರಲ್ಲಿ ಒಂದು ಪಾಲು ಹೋಗಬೇಕು, ಇಬ್ಬರು ರೈಟರಿಗೆ ಒಬ್ಬ ಸಾಕು ಎಂದ.

ಆಮೇಲಿನ ಒಂದು ತಿಂಗಳನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಒಂದೇ ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದ ಮೊದಲನೇ ರೈಟರೂ ನಾನೂ ಬೇರೆ ಬೇರೆ ಫ್ಲಾಸ್ಕ್ ತರತೊಡಗಿದೆವು. ಆತ ಹೊರಗೆ ಹೋದಾಗ ಅವನ ಪುಸ್ತಕದಲ್ಲಿ ತಪ್ಪು ಹುಡುಕುತ್ತಿದ್ದೆ. ಅವನೂ ನನ್ನ ಪುಸ್ತಕದಲ್ಲಿ ಹುಡುಕುತ್ತಿದ್ದನೆಂದು ನನಗೆ ಗೊತ್ತಿತ್ತು. ಬೆಳಗಿನ ಹಾಜರಿಗೆ ಮುದುಕರು ಎದೆ ಉಬ್ಬಿಸಿ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ತಮಿಳರ ಲೈನಿನವರು ತುಳುವರ ಲೈನಿನವರನ್ನು ಸೋಮಾರಿಗಳೆಂದರು, ಅವರು ಇವರನ್ನು ಕಳ್ಳರೆಂದರು. ಮ್ಯಾನೇಜರ್ ಯಾರಿಗೂ ಏನನ್ನೂ ಕಲಿಸಬೇಕಾಗಿರಲಿಲ್ಲ. ಹೊಟ್ಟೆಯೊಳಗಿನ ವಿಷ ನಮ್ಮದೇ ಆಗಿತ್ತು.

ಒಂದು ದಿನ ಕಾಯಿಲೆಯ ರಿಜಿಸ್ಟರ್ ತರಿಸು ಎಂದು ಮ್ಯಾನೇಜರ್ ನನಗೆ ಹೇಳಿದ. ಕಾಂಪೌಂಡರು ಅದನ್ನು ಒಗೆದ ಟವೆಲಿನಲ್ಲಿ ಸುತ್ತಿ ತಾವೇ ತಂದರು. ಅವರ ಕೈಬರಹ ಅಚ್ಚುಕಟ್ಟು. ಒಂದು ಗೀಚೂ ಇಲ್ಲದ ಪುಸ್ತಕವನ್ನು ದೊಡ್ಡವರು ನೋಡುತ್ತಾರಲ್ಲ ಎಂಬ ಸಂತೋಷ ಅವರ ಮುಖದಲ್ಲಿ ಕಾಣುತ್ತಿತ್ತು. ಮ್ಯಾನೇಜರ್ ಪುಟ ತಿರುವಿ ಕೆಂಪು ಪೆನ್ಸಿಲಿನಲ್ಲಿ ಎಣಿಸತೊಡಗಿದ. ಹೆಚ್ಚು ಸಲ ಜ್ವರ ಬಂದವರು ಮೊದಲು ಹೋಗಬೇಕು, ಕಂಪನಿಗೆ ಗಟ್ಟಿ ಮೈ ಬೇಕು ಎಂದ.

ಸುದ್ದಿ ಮಧ್ಯಾಹ್ನದೊಳಗೆ ಲೈನಿಗೆ ಮುಟ್ಟಿತು. ಮರುದಿನದಿಂದ ಡಿಸ್ಪೆನ್ಸರಿಗೆ ಯಾರೂ ಬರಲಿಲ್ಲ. ನಿಜವಾದ ಜ್ವರವಿದ್ದವರೂ ನಡುಗುತ್ತಲೇ ಗಿಡಗಳ ನಡುವೆ ನಿಂತು ಹಣ್ಣು ಕೊಯ್ದರು.

ಮೂರನೆಯ ದಿನ ಕಾಂಪೌಂಡರು ಆಫೀಸಿಗೆ ಬಂದರು. ಮೊದಲನೇ ರೈಟರ್ ತೋಟದ ಕಡೆ ಹೋಗಿದ್ದ.

‘ನಾನು ಯಾರ್ಯಾರಿಗೆ ಉಪಕಾರ ಅಂತ ಬರ್ದೆನೋ ಅವ್ರೇ ಎಲ್ಲಾ ಹೋಗ್ತಾರೆ ಕಣಪ್ಪ. ನಡಿ, ದೊರೆ ಹತ್ರ ಹೋಗಣ. ನಾನು ಹೇಳಿದ್ದನ್ನ ನೀನು ಇಂಗ್ಲಿಷ್ನಲ್ಲಿ ಹೇಳು, ಅಷ್ಟೇ ಸಾಕು.’

‘ಏನಂತ ಹೇಳ್ತೀರಿ ಕಾಂಪೌಂಡ್ರೇ?’

‘ಅರ್ಧ ಸುಳ್ಳು, ನಾನೇ ಬರ್ದಿದ್ದು ಅಂತ. ಅವ್ರಿಗೆ ಕಾಯ್ಲೆ ಇರ್ಲಿಲ್ಲ, ಕೆಲ್ಸ ತೆಗೀಬೇಡಿ, ಬೇಕಾದ್ರೆ ನನ್ನನ್ನ ತೆಗೀರಿ ಅಂತ.’

ಕಂಪನಿಗೆ ಸುಳ್ಳು ಹೇಳಿದವರು ಅವತ್ತೇ ಗೇಟಿನ ಹೊರಗೆ ಎಂದು ಮ್ಯಾನೇಜರ್ ಹೇಳಿ ವಾರವೂ ಆಗಿರಲಿಲ್ಲ. ಸುಳ್ಳು ಯಾವುದು ಎಂದು ಅವನು ಹುಡುಕಿದರೆ ಮೊದಲು ಸಿಗುವುದು ಹಾಕಿ ಆಡುವ ನಾನು. ಲೈನಿನವರ ಜ್ವರವನ್ನಷ್ಟೇ ಲೆಕ್ಕ ಹಿಡಿದಿದ್ದರಿಂದ ನನ್ನ ಏಳು ಮಲೇರಿಯಾ ಇನ್ನೂ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಮ್ಯಾನೇಜರನ ಮೇಜಿನ ಮುಂದೆ ನಿಂತು ಅವರು ಹೇಳುತ್ತ ಹೋದರು. ಒಬ್ಬೊಬ್ಬರ ಹೆಸರು ಹಿಡಿದು, ಯಾವ ದಿನ ಯಾಕೆ ಬರೆದೆನೆಂದು ನೆನಪು ಮಾಡಿಕೊಂಡು ಹೇಳಿದರು. ಸೀತುವಿನ ಮಗುವಿಗೆ ದಡಾರ ಎಂದರು, ಇನ್ನೊಬ್ಬನಿಗೆ ಅಣ್ಣನ ಸಾವು ಎಂದರು. ನನ್ನ ಹೆಸರನ್ನು ಮಾತ್ರ ಎತ್ತಲಿಲ್ಲ. ಕೊನೆಗೆ ಕೈಮುಗಿದರು.

ಮ್ಯಾನೇಜರ್ ನನ್ನ ಕಡೆ ನೋಡಿದ. ನಾನು ಇಂಗ್ಲಿಷಿನಲ್ಲಿ ಹೇಳಿದೆ: ಈ ರಿಜಿಸ್ಟರನ್ನು ಬಹಳ ಶ್ರದ್ಧೆಯಿಂದ ಬರೆದಿದ್ದಾರಂತೆ, ಪ್ರತಿಯೊಂದು ಕಾಯಿಲೆಯೂ ಇವರಿಗೆ ಬಾಯಿಪಾಠವಂತೆ, ಕಂಪನಿಗೆ ಇನ್ನೇನು ಬೇಕಾದರೂ ತಿಳಿಸುತ್ತಾರಂತೆ.

ಅವನು ಎದ್ದು ನಿಂತು, ನಗುತ್ತ, ಕಾಂಪೌಂಡರರ ಕೈ ಕುಲುಕಿದ.

‘ಏನಂದ್ರು?’ ಎಂದು ಅವರು ಹೊರಗೆ ಬಂದು ಕೇಳಿದರು.

‘ನೋಡೋಣ ಅಂತಾರೆ.’

ಅವರು ಅಲ್ಲಿಂದ ನೇರ ಲೈನಿಗೆ ಹೋಗಿ, ಹೇಳಿ ಬಂದಿದೀನಿ, ಯಾರೂ ಹೆದರ್ಬೇಡಿ ಎಂದು ಮನೆಮನೆಗೆ ಹೇಳಿದರಂತೆ. ಅವತ್ತು ಸಂಜೆ ಲೈನಿನ ಹೆಂಗಸರು ಅವರ ಮನೆಗೆ ಕಿತ್ತಳೆಹಣ್ಣು ಕೊಟ್ಟು ಹೋದದ್ದನ್ನು ನಾನು ನೋಡಿದೆ.

ಶನಿವಾರ ಹಾಜರಿಯ ಹೊತ್ತಿಗೆ ಪಟ್ಟಿ ಓದಿದ್ದಾಯಿತು. ಓದಿದವನು ನಾನೇ. ಜ್ವರದ ಲೆಕ್ಕದ ಪ್ರಕಾರವೇ ಇತ್ತು, ಒಂದು ಹೆಸರೂ ತಪ್ಪಿರಲಿಲ್ಲ. ಪಟ್ಟಿಯ ತುದಿಯಲ್ಲಿ ಮೊದಲನೇ ರೈಟರ್ ಹೆಸರಿತ್ತು. ಅವನ ಸಂಬಳ ನನಗಿಂತ ಹೆಚ್ಚು, ಅದೇ ಅವನ ತಪ್ಪು.

ಜನ ಡಿಸ್ಪೆನ್ಸರಿಯ ಮುಂದೆ ಸೇರಿದರು. ಮ್ಯಾನೇಜರ್ ಕೈ ಕುಲುಕಿದ್ದನ್ನು ಆಫೀಸಿನ ಕಿಟಕಿಯಿಂದ ಕಂಡವರಿದ್ದರು. ಪುತ್ತೂರು ಕಡೆಯಿಂದ ಬಂದ ಸೀತು ಎದುರಿಗೆ ನಿಂತು ಕೂಗಿದಳು: ‘ನಾನು ಕೇಳಿದ್ದು ಮಗುವಿಗೆ ಮದ್ದು ಮಾರಾಯ್ರೆ. ಜ್ವರ ಅಂತ ನನ್ನ ಹೆಸರು ಬರೆದದ್ದು ನೀವು. ಬರೆದು ಇಟ್ಟು, ಈಗ ಅವರಿಗೆ ಮಾರಿದ್ರಿ ಅಲ್ವಾ?’ ಅವಳು ಮಗುವಿನ ಔಷಧಿಯ ಸೀಸೆಯನ್ನು ಮೆಟ್ಟಿಲಿಗೆ ಅಪ್ಪಳಿಸಿದಳು. ಕಾಂಪೌಂಡರು ಬಾಗಿಲಲ್ಲಿ ನಿಂತೇ ಇದ್ದರು. ಗುಂಪಿನ ಹಿಂದೆ ನಿಂತಿದ್ದ ನನ್ನನ್ನು ಒಮ್ಮೆ ನೋಡಿ, ಚೂರುಗಳನ್ನು ಆರಿಸಲು ಬಗ್ಗಿದರು.

ಮ್ಯಾನೇಜರ್ ಅವರನ್ನು ಉಳಿಸಿಕೊಳ್ಳಬೇಕೆಂದಿದ್ದ. ಅವರೇ ರಾಜೀನಾಮೆ ಬರೆದುಕೊಟ್ಟರು. ಗಾಡಿಗೆ ಟ್ರಂಕು ಏರಿಸುವಾಗ ನಾನು ಹೋಗಿ ಎದುರು ನಿಂತೆ. ನಾನು ಹೇಳಲಿಲ್ಲ ಕಾಂಪೌಂಡ್ರೇ, ನೀವು ಹೇಳಿದ್ದು ಒಂದನ್ನೂ ಹೇಳಲಿಲ್ಲ ಎಂದೆ. ಅಳು ಬಂತು. ಆ ಅಳು ನನಗೋಸ್ಕರವೇ ಇತ್ತೆಂದು ಈಗ ಗೊತ್ತಾಗುತ್ತದೆ.

‘ಪಟ್ಟಿ ಓದ್ದಾಗ ಹೊಳೀತು ಬಿಡು’ ಎಂದರು. ‘ಸುಳ್ಳು ಬರ್ದಿದೀನಿ ಅಂದೋನಿಗೆ ಯಾವ ದೊರೆ ನಗ್ತಾ ಕೈ ಕೊಡ್ತಾನೆ? ನಾನೇ ಅಲ್ಲೇ ಯೋಚ್ನೆ ಮಾಡ್ಬೇಕಿತ್ತು.’

‘ಲೈನಿನವರಿಗೆ ಹೇಳಿಬಿಡಿ. ನಿಮ್ಮದಲ್ಲ, ನನ್ನ ತಪ್ಪು ಅಂತ.’

‘ಹೇಳಿದ್ರೆ ಅವ್ರಿಗೆ ಕೆಲ್ಸ ವಾಪಸ್ ಬರುತ್ತಾ? ಒಬ್ಬನ ಮೇಲೆ ಸಿಟ್ಟು ಮಾಡ್ಕೊಂಡು ಹೋಗ್ತಾವ್ರೆ, ಹೋಗ್ಲಿ. ಇಬ್ಬರ ಮೇಲೆ ಯಾಕೆ?’ ಗಾಡಿ ಹತ್ತಿ ಕೂತ ಮೇಲೆ, ‘ನೀನು ಹೇಳ್ಬೇಕು ಅಂದ್ರೆ ನೀನೇ ಹೇಳು’ ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಹೇಳಲಿಲ್ಲ. ಹೆಡ್ ರೈಟರ್ ಆದೆ. ಮದುವೆಯಾದೆ, ಮಕ್ಕಳನ್ನು ಶಾಲೆಗೆ ಹಾಕಿದೆ. ಅವರು ಹೋದ ಎಂಟು ವರ್ಷದ ಮೇಲೆ ಒಂದು ಬೆಳಗ್ಗೆ, ಹಾಜರಿ ಬರೆಯುತ್ತಿದ್ದಾಗ, ಲೈನಿನಲ್ಲಿ ಉಳಿದಿದ್ದ ಹಳೆಯ ಆಳೊಬ್ಬ ಕುಶಾಲನಗರದಿಂದ ಸುದ್ದಿ ತಂದ.

‘ಆ ಕಾಂಪೌಂಡ್ರು ಸತ್ರಂತೆ ರೈಟ್ರೇ. ನಮ್ಮೋರ ಅನ್ನ ಕಿತ್ತ ಪಾಪಿ. ಒಳ್ಳೇದಾಯ್ತು.’

ಸಾಲಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಬರುವಂತಿರಲಿಲ್ಲ. ನಾನು ‘ಹೂಂ’ ಎಂದು ಮುಂದಿನವನ ಹೆಸರು ಕೂಗಿದೆ.