ಮಸ್ಕತ್ತಿನ ಅಡುಗೆಮನೆಯಲ್ಲಿ ಕಾಗುಣಿತ

ನನ್ನ ಬಗ್ಗೆ ನನಗೇ ಇದ್ದ ಒಂದು ಒಳ್ಳೆಯ ಅಭಿಪ್ರಾಯವನ್ನು ಕಳೆದ ಮಳೆಗಾಲದ ರಜೆಯಲ್ಲಿ ಕಳೆದುಕೊಂಡೆ. ಮಕ್ಕಳಿಗೆ ಓದು ಕಲಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದೇ ಆ ಅಭಿಪ್ರಾಯ. ಮದುವೆಗೆ ಮೊದಲು ಹಳಿಯಾಳದ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ನಾಲ್ಕು ವರ್ಷ ಅತಿಥಿ ಶಿಕ್ಷಕಿಯಾಗಿದ್ದೆ. ಒಂದನೆಯ ತರಗತಿ ನನ್ನದು. ಮನೆಯಲ್ಲಿ ಮರಾಠಿ, ಕೊಂಕಣಿ, ಉರ್ದು ಆಡುವ ಮಕ್ಕಳು ಕೂಡ ದಸರೆ ರಜೆಯ ಹೊತ್ತಿಗೆ ಕಾಗುಣಿತ ಒಪ್ಪಿಸುತ್ತಿದ್ದವು. ಅಂಥವಳಿಗೆ ಮಸ್ಕತ್ತಿನ ಎರಡು ಕೋಣೆಯ ಮನೆಯಲ್ಲಿ ಕೂತು ಸ್ವಂತ ಮಗಳೊಬ್ಬಳಿಗೆ ಓದು ಕಲಿಸುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ.

ನಮ್ಮ ಮನೆಮಾತು ಉರ್ದು. ನಮ್ಮ ಮನೆಯವರು ಮಸ್ಕತ್ತಿನಲ್ಲಿ ಕಾರುಗಳ ಎ.ಸಿ. ರಿಪೇರಿ ಮಾಡುತ್ತಾರೆ. ಪಾಠ ಶುರುವಾದಾಗ ಮಗಳು ಸನಾಗೆ ಆರು ವರ್ಷ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ. ಸಂಜೆ ಪಕ್ಕದ ಬೀದಿಯ ಉಸ್ತಾನಿಯ ಹತ್ತಿರ ಕುರಾನ್ ಓದಲು ಅರಬ್ಬಿ. ಆ ಪುಟ್ಟ ತಲೆಯಲ್ಲಿ ಆಗಲೇ ಮೂರು ಲಿಪಿ ಒಂದನ್ನೊಂದು ತಳ್ಳಾಡುತ್ತಿದ್ದವು. ಇದರ ಮೇಲೆ ನಾಲ್ಕನೆಯದನ್ನೂ ಹೇರುತ್ತೇನೆ ಎಂದಾಗ, ಮೇಲಿನ ಮನೆಯ ಮಂಗಳೂರಿನ ಹೆಂಗಸು, "ನಿಮಗೆ ಕನ್ನಡ ಯಾಕೆ, ನೀವು ಉರ್ದುವಿನವರಲ್ಲವಾ?" ಎಂದು ಕೇಳಿದರು. ನಾನು ಕನ್ನಡದ ಹಿರಿಮೆಯ ಮೇಲೆ ಸಣ್ಣ ಭಾಷಣ ಬಿಗಿದೆ. ನಿಜವಾದ ಕಾರಣ ಹೇಳಲು ನಾಲಿಗೆ ಏಳಲಿಲ್ಲ.

ನಿಜವಾದ ಕಾರಣ ನನ್ನ ಮಾವ. ಸನಾಳ ದಾದಾ. ದಾಂಡೇಲಿಯಲ್ಲಿ ನಲವತ್ತು ವರ್ಷ ಲಾರಿ ರಿಪೇರಿಯ ಗ್ಯಾರೇಜ್ ನಡೆಸಿದವರು. ಮೂರು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ದನಿ ಹೋಯಿತು. ಕಿವಿ ಚುರುಕಾಗಿಯೇ ಇದೆ, ನಾಲ್ಕು ಮನೆ ಆಚೆ ಕೆಮ್ಮುವ ಲಾರಿಗೆ ಏನು ಕಾಯಿಲೆ ಎಂದು ಈಗಲೂ ಹೇಳಬಲ್ಲರು. ಬಾಯಲ್ಲಿ ಅಲ್ಲ, ಬರೆದು. ಉರ್ದು ಅವರಿಗೆ ಆಡಲು ಮಾತ್ರ ಬರುತ್ತದೆ. ಓದಿದ್ದು ಕನ್ನಡ ಶಾಲೆಯಲ್ಲಿ ಏಳನೆಯವರೆಗೆ. ಹಾಗಾಗಿ ಕೊರಳಿಗೆ ಒಂದು ಪಾಟಿ ತೂಗುಹಾಕಿಕೊಂಡಿರುತ್ತಾರೆ. ನೀವು ಸ್ಲೇಟು ಎನ್ನುವುದನ್ನು ನಮ್ಮ ಕಡೆ ಪಾಟಿ ಎನ್ನುತ್ತೇವೆ. ಮೊದಲು ಸ್ಪ್ಯಾನರ್ ಇರುತ್ತಿದ್ದ ಅಂಗಿಯ ಕಿಸೆಯಲ್ಲಿ ಈಗ ಬಳಪ ಇದೆ.

ದನಿ ಇದ್ದಾಗ ಪ್ರತಿ ಶುಕ್ರವಾರ ಅಜ್ಜ ಮೊಮ್ಮಗಳು ಫೋನಿನಲ್ಲಿ ಅರ್ಧ ಗಂಟೆ ಹರಟುತ್ತಿದ್ದರು. ನನ್ನ ಅಗತ್ಯ ಇಬ್ಬರಿಗೂ ಇರುತ್ತಿರಲಿಲ್ಲ. ಪಾಟಿ ಬಂದ ಮೇಲೆ ಅವರು ಬರೆದು ಫೋನಿಗೆ ಹಿಡಿಯುವುದು, ಸನಾ ನನ್ನ ಮುಖ ನೋಡುವುದು, ನಾನು ಓದಿ ಉರ್ದುವಿನಲ್ಲಿ ಹೇಳುವುದು. ತಮಾಷೆಯ ಮಾತು ನನ್ನ ಬಾಯಿಂದ ದಾಟುವಷ್ಟರಲ್ಲಿ ಆರಿ ತಣ್ಣಗಾಗಿರುತ್ತಿತ್ತು. ಕ್ರಮೇಣ ಸನಾ ಸಲಾಂ ಹೇಳಿ ಓಡಿಹೋಗತೊಡಗಿದಳು. ಒಂದು ಶುಕ್ರವಾರ ಅವಳು ಎದ್ದುಹೋದ ಮೇಲೂ ಮಾವ ಪಾಟಿಯನ್ನು ಹಾಗೆಯೇ ಹಿಡಿದುಕೊಂಡು ಕೂತಿದ್ದರು. ನನಗೆ ಬಹಳ ಸಂಕಟವಾಯಿತು. ಆ ವಾರವೇ ಊರಿನಿಂದ ಬರುವವರ ಕೈಯಲ್ಲಿ ಒಂದನೆಯ ತರಗತಿಯ ಕನ್ನಡ ಪುಸ್ತಕ ತರಿಸಿದೆ.

ಪಾಠ ಅಡುಗೆಮನೆಯಲ್ಲಿ, ನಾನು ರೊಟ್ಟಿ ಬೇಯಿಸುವಾಗ. ಸನಾ ಮೊದಲ ದಿನ ಪುಸ್ತಕವನ್ನು ಹಿಂದಿನಿಂದ ತೆಗೆದಳು. ಶಾಲೆಯ ಹೊರಗಿನ ಓದೆಂದರೆ ಅವಳಿಗೆ ಅರಬ್ಬಿಯ ಅಭ್ಯಾಸ, ಬಲದಿಂದ ಎಡಕ್ಕೆ. ‘ಮರ’ವನ್ನು ‘ರಮ’ ಎಂದು ಓದುತ್ತಿದ್ದವಳನ್ನು ಈ ಕಡೆ ತಿರುಗಿಸಲು ತಿಂಗಳು ಬೇಕಾಯಿತು. ಆಮೇಲೆ ಮಾತ್ರ ಅವಳದು ನಾಗಾಲೋಟ. ಪುಸ್ತಕ ತೆಗೆಯುವ ಮುಂಚೆ ಕೈ ತೊಳೆಯುವಳು, ತಲೆಯ ಮೇಲೆ ಓಢಣಿ ಹೊದೆಯುವಳು, ತುಸು ತೂಗಾಡುತ್ತ, ಒಂದಕ್ಷರ ಜಾರದಂತೆ, ನಿಲ್ಲಬೇಕಾದಲ್ಲಿ ನಿಂತು ಓದುವಳು.

ಇಲ್ಲಿ ಓದು ಎಂಬುದರ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಮಕ್ಕಳು ಮೊದಲು ಕಲಿಯುವ ಓದು ಕುರಾನಿನದು. ಅದರಲ್ಲಿ ಅಕ್ಷರ ಶುದ್ಧವಾಗಿರಬೇಕು, ಉಸಿರು ಹಿಡಿತದಲ್ಲಿರಬೇಕು. ಆರು ವರ್ಷದ ಮಗುವನ್ನು ಯಾರೂ ಅರ್ಥ ಕೇಳುವುದಿಲ್ಲ, ಅದು ದೊಡ್ಡವರಾದ ಮೇಲೆ ಬರುವುದು. ಆ ದನಿಯೇ ಪ್ರಾರ್ಥನೆ. ನಾನೂ ಹಾಗೆಯೇ ಕಲಿತವಳು, ಮನಸ್ಸು ಕುಗ್ಗಿದಾಗ ಆ ಓದೇ ನನ್ನನ್ನು ಎತ್ತಿ ನಿಲ್ಲಿಸುತ್ತದೆ. ತಪ್ಪು ಆ ಓದಿನದಲ್ಲ. ಸನಾ ಅದೇ ಓದನ್ನು ಕನ್ನಡ ಪುಸ್ತಕಕ್ಕೂ ತಂದಿದ್ದಾಳೆ ಎಂದು ಗಮನಿಸದ ನನ್ನದು. ಗಮನಿಸುವುದಿರಲಿ, ಓಢಣಿ ಹೊದ್ದು ಆನೆಯ ಪಾಠ ಓದುವ ಅವಳನ್ನು ಮುದ್ದಾಗಿ ಕಂಡು ವಿಡಿಯೊ ಮಾಡಿ ಮನೆಯ ಗ್ರೂಪಿಗೆ ಹಾಕಿದೆ. ಮಾಶಾ ಅಲ್ಲಾಗಳು ಬಂದು ಬಿದ್ದವು. ಹೊಗಳಿಕೆಯಲ್ಲಿ ಅರ್ಧ ನನಗೆ ಸೇರಿದ್ದೆಂದು ನಾನೇ ತೆಗೆದಿಟ್ಟುಕೊಂಡೆ.

ರಜೆಗೆ ಗೋವಾದಲ್ಲಿ ಇಳಿದು ಜೊಯಿಡಾ ತಾಲೂಕಿನ ಕಾಡು ದಾಟಿ ದಾಂಡೇಲಿಗೆ ಬರುವಾಗ ಸನಾ ದಾರಿಯ ಒಂದು ಬೋರ್ಡನ್ನೂ ಬಿಡಲಿಲ್ಲ. ‘ನಿಧಾನವಾಗಿ ಚಲಿಸಿ’, ‘ವನ್ಯಪ್ರಾಣಿಗಳಿವೆ ಎಚ್ಚರಿಕೆ’, ಎಲ್ಲವೂ ಗಂಟೆ ಬಾರಿಸಿದ ಹಾಗೆ. ಕಾರು ಓಡಿಸುತ್ತಿದ್ದ ಮೈದುನ ತಲೆದೂಗಿದ. ನಾನು ಕಿಟಕಿಯ ಆಚೆ ನೋಡುತ್ತ ವಿನಯದಿಂದ ಕೂತಿದ್ದೆ.

ಮನೆಯಲ್ಲಿ ಮಾವ ಕಾಯುತ್ತಿದ್ದರು. ಪಕ್ಕದ ಮನೆಯ ಶಾಂತಕ್ಕನೂ ಬಂದು ಕೂತಿದ್ದರು. ಮಾವ ಮೊಮ್ಮಗಳ ತಲೆ ಸವರಿ, ಪಾಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಹಿಡಿದರು: ‘ಒಂದು ಲೋಟ ನೀರು ತಾ’. ಸನಾ ಓಢಣಿ ಸರಿಮಾಡಿಕೊಂಡಳು. "ಒಂದು ಲೋಟ ನೀರು ತಾ" ಎಂದು ರಾಗವಾಗಿ ಓದಿದಳು. ಓದಿ, ಕೈಕಟ್ಟಿ ನಿಂತಳು.

"ಅಯ್ಯ, ಎಷ್ಟ್ ಚಂದ ಓದ್ತಾಳ ಬಿಡ್ರಿ! ನಮ್ಮ ಮೊಮ್ಮಕ್ಕಳು ಮೊಬೈಲ್ ಬಿಟ್ಟು ಏಳಂಗಿಲ್ಲ" ಎಂದರು ಶಾಂತಕ್ಕ. ಮಾವ ಪಾಟಿ ಇನ್ನೊಮ್ಮೆ ತೋರಿಸಿದರು. ಸನಾ ಇನ್ನೊಮ್ಮೆ ಓದಿದಳು, ಮೊದಲಿಗಿಂತ ಚೆನ್ನಾಗಿ. ಶಾಂತಕ್ಕ ನನ್ನ ಕಡೆ ತಿರುಗಿದರು.

"ಅಲ್ರೀ, ಓದಿದ್ಲು ಖರೆ, ನೀರ ತರಲಿಲ್ಲಲ್ಲ?"

ಒಂದೂವರೆ ವರ್ಷ ಪಾಠ ಹೇಳಿದ್ದೆ. ಆ ಒಂದೂವರೆ ವರ್ಷದಲ್ಲಿ ಮಗಳ ಜೊತೆ ಒಂದು ಮಾತನ್ನೂ ಕನ್ನಡದಲ್ಲಿ ಆಡಿರಲಿಲ್ಲ. ಪುಸ್ತಕದಲ್ಲಿ ಚಿತ್ರ ಇದೆ, ಅರ್ಥ ತಾನಾಗಿ ಆಗುತ್ತದೆ ಎಂದುಕೊಂಡಿದ್ದೆ. ಹಳಿಯಾಳದ ಮಕ್ಕಳಿಗೆ ಕನ್ನಡದ ಅರ್ಥವನ್ನು ಕಲಿಸಿದ್ದು ಸಂತೆ, ಕಿರಾಣಿ ಅಂಗಡಿ, ಓಣಿಯ ಜಗಳ. ನಾನು ಅಕ್ಷರ ತಿದ್ದಿಸಿ ಪೂರ್ತಿ ಹೆಸರು ತೆಗೆದುಕೊಂಡಿದ್ದೆ. ಮಸ್ಕತ್ತಿನಲ್ಲಿ ಓಣಿ ಇರಲಿಲ್ಲ, ಬರೀ ನಾನಿದ್ದೆ. ನಾನೊಬ್ಬಳೇ ಎಷ್ಟು ಎಂಬುದು ಶಾಂತಕ್ಕನ ಮುಂದೆ ಬಯಲಾಯಿತು. ಅದಕ್ಕಿಂತ ಹೆಚ್ಚಾಗಿ ಮಾವನ ಮುಖ ನೋಡಲು ಆಗಲಿಲ್ಲ. ಈ ರಜೆಗಾಗಿ ಅವರು ದಿನ ಎಣಿಸಿದ್ದರು.

ಮಾವ ಮಾತ್ರ ದನಿಯಿಲ್ಲದೆ ನಗುತ್ತಿದ್ದರು, ಭುಜ ಕುಣಿಯುತ್ತಿದ್ದವು. ಪಾಟಿ ಒರೆಸಿ ನನಗಾಗಿ ಬರೆದರು: ‘ಇಂಜಿನ್ ಚಾಲೂ ಐತಿ. ಗೇರ್ ಬಿದ್ದಿಲ್ಲ.’ ಅದನ್ನೂ ಅಂಗಿಯ ತೋಳಿನಿಂದ ಒರೆಸಿ, ಒಂದು ಗಳಿಗೆ ಯೋಚಿಸಿ, ಅದೇ ಕನ್ನಡ ಅಕ್ಷರಗಳಲ್ಲಿ ನಮ್ಮ ಉರ್ದು ಮಾತನ್ನು ಬರೆದು ಸನಾಗೆ ಹಿಡಿದರು: ‘ಪಾನೀ ಲಾ ಬೇಟಾ’.

ಸನಾ ತೂಗಾಡುತ್ತ ಶುರುಮಾಡಿದಳು. "ಪಾ... ನೀ... ಲಾ..." ರಾಗ ಅಲ್ಲಿಗೇ ನಿಂತಿತು. ಪಾಟಿ ನೋಡಿದಳು. ದಾದಾನನ್ನು ನೋಡಿದಳು. ನನ್ನ ಮುಖ ನೋಡಲಿಲ್ಲ.

"ದಾದಾ, ಪಾನೀ?"

ಮಾವ ತಲೆಯಾಡಿಸಿದರು. ಸನಾ ಅಡುಗೆಮನೆಗೆ ಓಡಿದಳು. ತಂದ ಲೋಟದಲ್ಲಿ ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು. ಉಳಿದ ಅರ್ಧವನ್ನು ಮಾವ ಒಂದೇ ಗುಟುಕಿನಲ್ಲಿ ಕುಡಿದರು, ಕಣ್ಣು ಒರೆಸಿಕೊಂಡರು. ನನಗೂ ಅಳು ಬಂತು, ಆದರೆ ಅದಕ್ಕಿಂತ ಮುಂಚೆ ನಾಚಿಕೆ ಬಂತು.

ಶಿಕ್ಷಕಿಯ ಬುದ್ಧಿ ಸುಲಭಕ್ಕೆ ಸಾಯುವುದಿಲ್ಲ. "ಅಬ್ಬಾ, ಇದು ಕನ್ನಡ ಅಲ್ಲವಲ್ಲ, ರೂಢಿ ಕೆಡುತ್ತದೆ" ಎಂದು ಮಾವನಿಗೆ ಹೇಳಿದೆ. ಮಾವ ಬರೆದರು: ‘ಮೊದಲ ಗಾಡಿ ಹೊಂಡಲಿ. ಆಮ್ಯಾಲೆ ರಸ್ತಾ.’

ಮುಂದಿನ ನಾಲ್ಕು ವಾರ ಪಾಠ ಅವರದೇ. ಪಾಟಿಯ ಮೇಲೆ ಉರ್ದು ಮಾತು, ನಡುವೆ ಒಂದೇ ಒಂದು ಕನ್ನಡ ಶಬ್ದ. ‘ಪಾನೀ ಲಾ’ ಎಂಬುದು ಎರಡು ದಿನಕ್ಕೆ ‘ನೀರು ಲಾ’ ಆಯಿತು, ವಾರ ಕಳೆದ ಮೇಲೆ ‘ನೀರು ತಾ’. ಓಡುತ್ತಿರುವ ಗಾಡಿಯನ್ನು ನಿಲ್ಲಿಸದೆ ಒಂದೊಂದೇ ಭಾಗ ಬದಲಿಸಿದರು. ಮಧ್ಯಾಹ್ನ ಶಾಂತಕ್ಕ ಬಾಗಿಲಲ್ಲಿ ಕೂತು, "ಬಾ ಇಲ್ಲೆ, ಏನ್ ಬರದಾರ ಅಜ್ಜಾರು, ಹೇಳ ನೋಡೂಣು" ಎಂದು ಕರೆದು ಮಾತಿಗೆಳೆಯುತ್ತಿದ್ದರು. ಸನಾ ಓಢಣಿಯನ್ನು ಸಂಜೆಯ ಕುರಾನಿಗೆಂದು ಮಡಿಸಿಟ್ಟು, ಪಾಟಿಯ ಮುಂದೆ ಬರಿತಲೆಯಲ್ಲಿ, ಚಟ್ನಿ ನೆಕ್ಕುತ್ತ ಕೂರುತ್ತಿದ್ದಳು. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ, ಕಲಿಯುತ್ತಿದ್ದೆ ಎಂದರೂ ಸರಿಯೇ.

ಮಸ್ಕತ್ತಿಗೆ ಮರಳಿ ಆರು ತಿಂಗಳಾಯಿತು. ಈಗ ಮನೆಯಲ್ಲಿ ಹೊತ್ತಿಗೆ ನಾಲ್ಕಾದರೂ ಮಾತು ಕನ್ನಡದಲ್ಲಿ ಆಡುತ್ತೇನೆ. ಮೊನ್ನೆ ಶುಕ್ರವಾರ ದಾಂಡೇಲಿಯಿಂದ ಫೋನು ಬಂತು. ಪಾಟಿಯ ತುಂಬ ಸಾಲುಗಳು, ಅಂಚಿನಲ್ಲೂ ಏನೋ ಸಣ್ಣಗೆ ತುರುಕಿದ್ದರು. ಇಷ್ಟೆಲ್ಲ ಇವಳಿಗೆ ತಿಳಿಯುವುದಿಲ್ಲ ಎಂದು ನಾನು ಕೈಯ ಹಿಟ್ಟು ಒರೆಸಿಕೊಂಡು ಹಿಂದಿನಿಂದ ಬಗ್ಗಿ ಓದಲು ಹೊರಟೆ. ಸನಾ ಅಂಗೈಯಿಂದ ಫೋನು ಮುಚ್ಚಿದಳು.

"ಅಮ್ಮೀ, ನೀ ಓದಬ್ಯಾಡ. ದಾದಾ ನನಗ ಬರದಾರ."

ಓದು ಬಂದ ಮಗು ಮೊದಲು ಮಾಡುವ ಕೆಲಸ ಕಲಿಸಿದವರನ್ನು ಆಚೆ ಕಳಿಸುವುದು ಎಂದು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಒಲೆಯ ಕಡೆ ಹೋದೆ. ಫೋನಿನ ಮುಂದೆ ಸನಾ ಬಿದ್ದು ಬಿದ್ದು ನಗುತ್ತಿದ್ದಳು, ಆ ಕಡೆ ದಾದಾನ ಭುಜ ಕುಣಿಯುತ್ತಿದ್ದವು. ಏನು ಬರೆದಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ.