ಮರಿಯನ್ನು ಎತ್ತಿ ಹಿಡಿಯುವ ತಿಮಿಂಗಿಲ

ನಾನು ಸಮುದ್ರ ಕಂಡವಳಲ್ಲ. ಹಾನಗಲ್ಲಿನ ಕೆರೆಗಿಂತ ದೊಡ್ಡ ನೀರನ್ನು ನೋಡಿಲ್ಲ. ಆದರೂ ತಿಮಿಂಗಿಲದ ವಿಷಯ ಬರೆಯುತ್ತಿದ್ದೇನೆ ಮೊಮ್ಮಕ್ಕಳೇ, ನಿಮಗೊಬ್ಬ ತಮ್ಮ ಹುಟ್ಟಿದ್ದ ಎಂಬುದು ನಿಮಗೆ ಗೊತ್ತಿರಲಿ ಎಂದು. ಬಾಯಿಬಿಟ್ಟು ಹೇಳುವುದು ನನ್ನಿಂದಾಗದು.

ನನ್ನ ಮಗಳು ಹೆರಿಗೆಗೆಂದು ಹತ್ತಿಮತ್ತೂರಿಗೆ, ತವರಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ನೋವು ಬಂತು. ಶಿಗ್ಗಾಂವದ ಆಸ್ಪತ್ರೆಯಲ್ಲಿ ಹುಟ್ಟಿದ ಗಂಡುಕೂಸು ಉಸಿರು ಹಿಡಿಯಲಿಲ್ಲ. ಅವಳಿಗೆ ಕೊಟ್ಟ ಮದ್ದಿನ ಮತ್ತು ಇಳಿಯುವುದರೊಳಗೆ ನನ್ನ ಮಗ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ನಮ್ಮ ಹೊಲದ ಬದುವಿನಲ್ಲಿ ಹೂಳಿದ. ನಮ್ಮಲ್ಲಿ ಹಲ್ಲು ಬಾರದ ಕೂಸು ಸತ್ತರೆ ಹೂಳಿದ ಮಣ್ಣಿನ ಮೇಲೆ ಹಾಲು ತುಪ್ಪ ಬಿಡುವುದಿಲ್ಲ. ತಾಯಿಗೆ ಮುಖ ತೋರಿಸಬೇಡಿ, ಬೇಗ ಮರೆಯುತ್ತಾಳೆ ಎಂದು ಹಿರಿಯರು ಹೇಳಿದರು.

ಆದರೆ ಎದೆಗೆ ಹಾಲು ಇಳಿಯಿತು. ಅದು ಬತ್ತಲೆಂದು ಮಲ್ಲಿಗೆ ಹೂವಿಟ್ಟು, ಹಳೆಯ ಧೋತರ ಹರಿದು ಬಿಗಿಯಾಗಿ ಕಟ್ಟಿದೆ. ಅವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಉಣ್ಣಲಿಲ್ಲ, ಅಳಲೂ ಇಲ್ಲ.

ಒಂದು ಸಂಜೆ ಅವಳ ಮಗಳು, ನಿಮ್ಮೊಳಗೆ ಹಿರಿಯಳು, ಸಾಲೆಯ ಪಾಠ ಗಟ್ಟಿಯಾಗಿ ಓದುತ್ತಿದ್ದಳು. ತಿಮಿಂಗಿಲ ಮೀನಲ್ಲವಂತೆ. ಮೀನು ಬಾಲವನ್ನು ಅತ್ತಿತ್ತ ಬೀಸಿದರೆ ಇದು ಮೇಲೆ ಕೆಳಗೆ ಬೀಸುತ್ತದಂತೆ. ತೊಗಲಿನ ಕೆಳಗೆ ದಪ್ಪ ಕೊಬ್ಬು. ಮೂಗು ನೆತ್ತಿಯ ಮೇಲೆ. ಎಷ್ಟು ಆಳಕ್ಕೆ ಹೋದರೂ ಉಸಿರಿಗೆ ಮೇಲೆ ಬರಲೇಬೇಕು. ನಮ್ಮಂತೆಯೇ ಹೆರುತ್ತದೆ, ಹಾಲೂಡಿಸುತ್ತದೆ. ಆ ಹಾಲು ಬೆಣ್ಣೆಯಷ್ಟು ಗಟ್ಟಿ. ಹುಟ್ಟಿದ ಮರಿ ಉಸಿರಾಡಲೆಂದು ತಾಯಿ ಅದನ್ನು ನೀರಿನ ಮೇಲಕ್ಕೆ ಎತ್ತುತ್ತದೆ. ಮರಿ ಸತ್ತರೆ ಕೆಲವು ತಾಯಿ ತಿಮಿಂಗಿಲಗಳು ಅದನ್ನು ಬಿಡದೆ, ತಲೆಯ ಮೇಲೆ ಹೊತ್ತುಕೊಂಡೇ ದಿನಗಟ್ಟಲೆ ಈಸುತ್ತವಂತೆ.

ಓದು ನಿಲ್ಲಿಸೆಂದು ಹುಡುಗಿಗೆ ಸನ್ನೆ ಮಾಡಿದೆ. ಅಷ್ಟರಲ್ಲಿ ಮಗಳು ಈ ಕಡೆ ಹೊರಳಿದ್ದಳು.

"ಅದಕ್ಕ ಯಾರೂ ಬ್ಯಾಡ ಅನ್ನಲಿಲ್ಲೇನವ್ವ?" ಎಂದು ನನ್ನನ್ನೇ ಕೇಳಿದಳು.

ಹುಡುಗಿಯೇ ಉತ್ತರ ಕೊಟ್ಟಳು: "ಅಷ್ಟು ದೊಡ್ಡದಕ್ಕ ಬುದ್ಧಿ ಹೇಳಾವ್ರು ಯಾರದಾರ?"

ಮರುದಿನ ಬೆಳಗ್ಗೆ ಮಗಳ ಚಪ್ಪಲಿ ಬಾಗಿಲಿಗೆ ತಂದಿಟ್ಟೆ. ಹಸಿ ಬಾಣಂತಿ ಹೊಲ ತುಳಿಯಬಾರದು, ಹೂಳಿದ ಜಾಗಕ್ಕೆ ಹೆಂಗಸರು ಹೋಗಬಾರದು ಎಂದು ಮಗ ಅಡ್ಡ ನಿಂತ. ನಿಮ್ಮ ಅಜ್ಜನ ಮುಂದೆಯೂ ನಾನು ದನಿ ಎತ್ತಿದವಳಲ್ಲ. "ಹಾದಿ ಬಿಡಪ್ಪ" ಎಂದೆ, ಅಷ್ಟೇ.

ನಾಯಿ ಕೆದರಬಾರದೆಂದು ಅವನು ಗುಂಡಿಯ ಮೇಲೆ ಜಾಲಿಮುಳ್ಳು ಹೇರಿದ್ದ. ಮಗಳು ಅದರ ಸುತ್ತ ಒಮ್ಮೆ ನಡೆದು ನೋಡಿದಳು.

"ತಲಿ ಯಾವ ಕಡೆ ಐತೆವ್ವ?"

ಹೂಳುವಾಗ ನಾನೂ ಇರಲಿಲ್ಲ. ಹಿಂದೆಯೇ ಬಂದು ದೂರದಲ್ಲಿ ನಿಂತಿದ್ದ ಮಗ ಹೇಳಿದ: "ಬೇವಿನ ಗಿಡದ ಕಡೆ, ಅಕ್ಕ."

ಅವಳು ಆ ಕಡೆಗೆ ಹೋಗಿ ಮುಳ್ಳು ಸರಿಸಿ ಕುಳಿತು, ಮಣ್ಣಿನ ಮೇಲೆ ಬಾಗಿ ಎದೆಯ ಕಟ್ಟು ಬಿಚ್ಚಿದಳು. ನಾವಿಬ್ಬರೂ ರಸ್ತೆಯ ಕಡೆ ಮುಖ ಮಾಡಿ ನಿಂತೆವು.