ಮಂಗಳವಿಲ್ಲದ ಪುಸ್ತಕ

ಕಂಪ್ಲಿ ಕೋಟೆ ಓಣಿಯ ಜಂಬಮ್ಮನಿಗೆ ಓದು ಬರುತ್ತಿತ್ತು, ಸೋಲು ಬರುತ್ತಿರಲಿಲ್ಲ. ಅಪ್ಪ ಮಠದಲ್ಲಿ ಪುರಾಣ ಓದುತ್ತಿದ್ದವರು. ಮಗಳಿಗೂ ಅಕ್ಷರ ಕಲಿಸಿದ್ದರು. ಗಂಡ ಸತ್ತ ಮೇಲೆ ಅಕ್ಕಿ ಗಿರಣಿ, ಮಗ ತೋಟಪ್ಪ, ಓಣಿಯ ಹೆಂಗಸರು, ಎಲ್ಲ ಅವಳು ಹೇಳಿದಂತೆ ನಡೆಯಬೇಕು.

ಸೊಸೆ ಕೊಟ್ರಮ್ಮ ಚೊಚ್ಚಲ ಹೆರಿಗೆಗೆ ತವರೂರು ಮೆಟ್ರಿಗೆ ಹೋಗಿ ಹೆಣ್ಣು ಹಡೆದಿದ್ದಳು. ಐದನೇ ತಿಂಗಳಿಗೆ ಅತ್ತೆ ಹೋಗಿ ಕರೆತರುವುದು ಪದ್ಧತಿ. ಹನ್ನೊಂದು ತಿಂಗಳಾದರೂ ಜಂಬಮ್ಮ ಹೋಗಲಿಲ್ಲ. ತೊಟ್ಟಿಲ ದಿನ ಬೀಗರು ತನ್ನನ್ನು ಎರಡನೇ ಪಂಕ್ತಿಗೆ ಕೂಡಿಸಿದರಂತೆ. ಅವರೇ ಬಂದು ಕೇಳಲಿ ಎಂದು ಕೂತಳು. ತೋಟಪ್ಪ ಉಣ್ಣುವಾಗ ಅರ್ಧಕ್ಕೆ ಏಳುತ್ತಿದ್ದ.

ಪ್ರತಿ ಶ್ರಾವಣ ಅವಳ ಮನೆ ಕಟ್ಟೆಯ ಮೇಲೆ ಹೆಂಗಸರಿಗೆ ಪುರಾಣ. ಆ ವರ್ಷದ್ದು ಬೇಗ ಮುಗಿಯಿತು. ಉಪ್ಪಿನ ಚಳವಳಿಯಲ್ಲಿ ಜೈಲಿಗೆ ಹೋಗಿ ನೌಕರಿ ಕಳಕೊಂಡಿದ್ದ ಹಾಲಸ್ವಾಮಿ ಮೇಷ್ಟ್ರು ಒಂದು ಕಾದಂಬರಿ ತಂದುಕೊಟ್ಟರು. ಜಂಬಮ್ಮ ಅದಕ್ಕೂ ವಿಭೂತಿ ಹಚ್ಚಿಯೇ ಶುರುಮಾಡಿದಳು.

ಕಥೆ ಒಬ್ಬ ಮುದಿ ಶಾನುಭೋಗನದು. ಜಿಪುಣ, ಹೊಟ್ಟೆಕಿಚ್ಚಿನವ. ಹಿತ್ತಲ ಗೋಡೆಯ ಜಗಳಕ್ಕೆ ತಮ್ಮನ ಜೊತೆ ಮಾತು ಬಿಟ್ಟು, ಅವನೇ ಬರಲಿ ಎಂದು ಕಿಟಕಿಯಲ್ಲಿ ಕೂತವನು. ಶಿವ ಜಂಗಮನ ವೇಷದಲ್ಲಿ ಬಂದು ಇವನನ್ನು ತಿದ್ದುತ್ತಾನೆಂದು ಹೆಂಗಸರು ಕಾದರು. ಶಿವ ಬರಲಿಲ್ಲ. ಪುರಾಣವನ್ನು ಸಾವು, ಜಗಳದ ಜಾಗದಲ್ಲಿ ನಿಲ್ಲಿಸಬಾರದು, ಶುಭ ಬಂದಲ್ಲೇ ನಿಲ್ಲಿಸಬೇಕು ಎಂಬುದು ಅಪ್ಪ ಹಾಕಿಕೊಟ್ಟ ಕಟ್ಟಳೆ. ಮೊದಲ ದಿನ ಶಾನುಭೋಗನ ಆಕಳು ಈದಲ್ಲಿ ನಿಲ್ಲಿಸಿದಳು, ಎರಡನೇ ದಿನ ಮಳೆ ಬಂದಲ್ಲಿ.

ಮೂರನೇ ದಿನ ಶಾನುಭೋಗ ತಮ್ಮನ ಮಗಳ ಲಗ್ನಪತ್ರಿಕೆ ಹರಿದುಹಾಕಿದ. ಗಿರಣಿಯಲ್ಲಿ ಅಕ್ಕಿ ಕೇರುವ ವಿರುಪಮ್ಮ ಬಾಯಿ ತೆಗೆದಳು.

"ಯಕ್ಕಾ, ತಪ್ಪು ತಿಳಕಬ್ಯಾಡ್ರಿ. ಈ ಮುದುಕ ಥೇಟ್ ನಿಮ್ಮಂಗ ಅದಾನ."

ಜಂಬಮ್ಮನ ಮುಖ ಕೆಂಪಾಯಿತು. ಪುಸ್ತಕ ಮುಚ್ಚಿ ಒಳಗೆ ಹೋಗಬೇಕೆನಿಸಿತು, ಆದರೆ ಹರಿದ ಲಗ್ನಪತ್ರಿಕೆಯ ಮೇಲೆ ಮುಚ್ಚುವುದು ಹೇಗೆ? ಮುಂದೆ ಓದಿದಳು. ಮುಂದೆ ಇನ್ನೂ ಕೆಟ್ಟದ್ದು. ಶಾನುಭೋಗನ ಹೆಂಡತಿ ಹಾಸಿಗೆ ಹಿಡಿದಳು. ತಮ್ಮ ಸತ್ತ, ಇವನು ಕಿಟಕಿ ಬಿಟ್ಟು ಏಳಲಿಲ್ಲ. ಜಂಬಮ್ಮ ನೀರು ಕುಡಿದು ಓದಿದಳು. ನಿಲ್ಲಲು ಒಂದು ಜಾಗವಿಲ್ಲ. ಹೊತ್ತು ಇಳಿಯುವಾಗ ಕಡೆಯ ಪುಟ ಬಂತು: ಮುದುಕ ಕಿಟಕಿಯಲ್ಲೇ ಇದ್ದಾನೆ, ಬೀದಿ ಖಾಲಿ.

"ಮಂಗಳ ಎಲ್ಲೈತ್ರಿ?" ಎಂದಳು ವಿರುಪಮ್ಮ.

ಜಂಬಮ್ಮ ಹಾಳೆ ಮಗುಚಿ ನೋಡಿದಳು. ರಟ್ಟು ಮಾತ್ರ ಇತ್ತು. ಮಂಗಳವಾಗದೆ ಓದಿದವಳು ಏಳುವಂತಿಲ್ಲ, ಕೇಳಿದವರೂ ಏಳುವಂತಿಲ್ಲ. ಕೂತಲ್ಲಿಂದಲೇ ಮಗನನ್ನು ಕೂಗಿದಳು.

"ಲೇ ತೋಟಪ್ಪ, ನಾಳಿ ಬಂಡಿ ಕಟ್ಟು. ಮೆಟ್ರಿಗೆ ಹೋಗೂದೈತಿ."

ವಿರುಪಮ್ಮ ಎದ್ದು ಮಂಗಳದ ಕಾಯಿ ಒಡೆದಳು.

ಮೆಟ್ರಿಯಲ್ಲಿ ಜಂಬಮ್ಮ ತಪ್ಪಾಯಿತು ಎನ್ನಲಿಲ್ಲ. ಕೂಸನ್ನು ಇಲ್ಲಿ ಕೊಡು, ನೀನೂ ಬಂಡಿ ಹತ್ತು ಎಂದು ಸೊಸೆಗೆ ಹೇಳಿದಳು, ಅಷ್ಟೇ. ಗುರುತಿಲ್ಲದ ಅಜ್ಜಿಯನ್ನು ಕಂಡು ಕೂಸು ಚೀರಿತು, ಅರ್ಧ ದಾರಿವರೆಗೂ ಚೀರಿತು. ಕಂಪ್ಲಿ ಬರುವಷ್ಟರಲ್ಲಿ ಅವಳ ಕಿವಿ ಹಿಡಿದು ಜಗ್ಗುತ್ತಿತ್ತು. ಆ ದಿನ ತೋಟಪ್ಪ ಎರಡು ಸಲ ಅನ್ನ ಹಾಕಿಸಿಕೊಂಡ.

ಆ ಮುದುಕ ಕಡೆಗಾದರೂ ಒಳ್ಳೆಯವನಾಗಬೇಕಿತ್ತೇ ಎಂದು ಪುಸ್ತಕ ಒಯ್ಯಲು ಬಂದ ಮೇಷ್ಟ್ರು ಕೇಳಿದರು.

"ಆಗದಿದ್ದದ್ದ ಛಲೋ ಆತ್ರಿ. ಅಂವ ಸುಧಾರಿಸಿದ್ರ ನಾನು ಎರಡ ಹನಿ ಅತ್ತು ಸುಮ್ನ ಮಲಗಿಬಿಡ್ತಿದ್ದೆ."

ಪುಸ್ತಕವನ್ನು ಅವಳು ವಾಪಸು ಕೊಡಲಿಲ್ಲ. ಪುರಾಣಗಳ ಜೊತೆ ಗೂಡಿನಲ್ಲಿಟ್ಟುಕೊಂಡಳು. ಸಾಯುವತನಕ ಪ್ರತಿ ಶ್ರಾವಣ ಮೊದಲ ವಿಭೂತಿ ಆ ಪಾಪಿ ಶಾನುಭೋಗನಿಗೆ.